ಸೂತ್ರವಿಲ್ಲದ ಗಾಳಿಪಟ

ಆಷಾಢದ ಗಾಳಿ ಬೀಸತೊಡಗಿದಾಗ ಗುಂಡ್ಲುಪೇಟೆಯ ಹೊಲಗಳ ಬದುವಿನಲ್ಲಿ ಎರಡು ಬಗೆಯ ಜನ ಕಾಣಿಸಿಕೊಳ್ಳುತ್ತಾರೆ. ಊಟಿಗೋ ವಯನಾಡಿಗೋ ಹೊರಟ ಕಾರಿನವರು ರಸ್ತೆಯ ಮಗ್ಗುಲಿಗೆ ವಾಹನ ನಿಲ್ಲಿಸಿ, ಸೂರ್ಯಕಾಂತಿಯ ನಡುವೆ ನಿಂತು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ. ಇವರ ಕಣ್ಣೆಲ್ಲ ಹೂವಿನ ಮೇಲೆ. ಇನ್ನೊಂದು ಬಗೆಯವರು ಊರಿನ ಹುಡುಗರು. ಇವರಿಗೆ ಹೂವಿನ ಪರಿವೆಯೇ ಇಲ್ಲ. ವೃತ್ತಪತ್ರಿಕೆಯ ಹಾಳೆ, ತೆಂಗಿನ ಗರಿಯ ಕಡ್ಡಿ, ಅಂಟಿಗೆ ನಾಲ್ಕು ಅನ್ನದ ಅಗುಳು, ಬಾಲಂಗೋಚಿಗೆ ಹಳೆಯ ಸೀರೆಯ ಅಂಚು: ಇಷ್ಟು ದೊರೆತರೆ ಇವರ ಸಂಸಾರ ಸಾಗುತ್ತದೆ. ಪಟ ಮೇಲೇರಿದ ಮೇಲೆ ಹುಡುಗ ಅದನ್ನು ನೋಡುವುದಕ್ಕಿಂತ ಹೆಚ್ಚಾಗಿ ದಾರವನ್ನು ಹಿಡಿದ ಬೆರಳಿನಿಂದಲೇ ಅದರ ಯೋಗಕ್ಷೇಮವನ್ನು ವಿಚಾರಿಸಿಕೊಳ್ಳುತ್ತಾನೆ. ಗಾಳಿ ಬಿಗಿಯಾಯಿತೆ, ಸಡಿಲವಾಯಿತೆ, ಪಟ ಬಲಕ್ಕೆ ವಾಲಿತೆ ಎಂಬುದೆಲ್ಲ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ.

ಅಂತಹ ಒಂದು ಸಂಜೆ ಊರಿನ ಅಂಗಡಿಬೀದಿಯ ಹಿಂದಣ ಮನೆಯೊಂದರಲ್ಲಿ ಮೂವರು ಒಂದು ಮೊಬೈಲಿನ ಸುತ್ತ ಕುಳಿತಿದ್ದರು. ಮನೆ ಯಾರದಾದರೂ ಆಗಬಹುದು. ಅರಿಶಿನದ ವ್ಯಾಪಾರದವರ ಮನೆ ಎಂದರೆ ಸಾಕು. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ ರಜೆಗೆ ಬಂದಿದ್ದ. ಅವನು ತೋರಿಸುತ್ತಿದ್ದ ಚಲಚ್ಚಿತ್ರದಲ್ಲಿ ಯೂರೋಪಿನ ಯಾವುದೋ ಹುಲ್ಲುಗಾವಲಿನ ಮೇಲೆ ಕೆಂಪು ಬಣ್ಣದ ಜೆಟ್ ವಿಮಾನವೊಂದು ಗರ್ಜಿಸುತ್ತ ಪಲ್ಟಿ ಹೊಡೆಯುತ್ತಿತ್ತು.

"ಹಾಕ್ ವಿಮಾನ ಅಪ್ಪಾಜಿ. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಕಟ್ಟಿದಾರಲ್ಲ, ಸೂರ್ಯಕಿರಣ್ ತಂಡದವರು ಹಾರಿಸ್ತಾರಲ್ಲ, ಅದೇ."

ವಿಮಾನ ಇಳಿಯಿತು. ಓಡಿ ಬಂದು ನಿಂತಿತು. ಆಗ ಚಿತ್ರದೊಳಕ್ಕೆ ಒಬ್ಬ ಮನುಷ್ಯ ನಡೆದುಬಂದ. ವಿಮಾನದ ಬೆನ್ನು ಆತನ ಸೊಂಟಕ್ಕೂ ಬರಲಿಲ್ಲ!

ಅಜ್ಜಿ ಕನ್ನಡಕವನ್ನು ಸರಿಪಡಿಸಿಕೊಂಡರು. "ಒಳಗೆ ಯಾರೂ ಇಲ್ವೇನೋ ಮಗ?"

"ಯಾರೂ ಇಲ್ಲ ಅಜ್ಜಿ. ಕೆಳಗೆ ನಿಂತು ರೇಡಿಯೋದಲ್ಲಿ ಹಾರಿಸೋದು. ಕಿಟ್ ಸಿಗುತ್ತೆ, ತರಿಸಿಕೊಂಡು ನಾವೇ ಜೋಡಿಸಬೋದು."

"ಎಷ್ಟಾಗುತ್ತಪ್ಪ ಇದಕ್ಕೆ?" ಎಂದರು ತಂದೆ.

ಅಜ್ಜಿಯ ಪ್ರಶ್ನೆಗೆ ಒಡನೆಯೇ ಉತ್ತರ ಕೊಟ್ಟಿದ್ದ ಮಗ ಈ ಪ್ರಶ್ನೆಗೆ ಮಾತ್ರ ಮೊಬೈಲಿನ ಗಾಜನ್ನು ಅಂಗಿಯ ತುದಿಯಿಂದ ಒರೆಸತೊಡಗಿದ.

ಎರಡೂ ಪ್ರಶ್ನೆಗಳು ಒಳ್ಳೆಯವೇ. ಆದರೆ ಅವುಗಳಿಗೆ ಉತ್ತರ ದೊರೆಯಬೇಕಾದರೆ ಮೊದಲು ಆ ಕಿಟ್ಟಿನೊಳಗೆ ಏನಿರುತ್ತದೆ ಎಂಬುದನ್ನು ತಿಳಿಯಬೇಕು. ಇದನ್ನು ಆಟಿಕೆಯೆಂದು ಕರೆಯುವವರು ಅದರ ಪೆಟ್ಟಿಗೆಯನ್ನು ತೆರೆದು ನೋಡಿದವರಲ್ಲ. ಹಾಕ್ ವಿಮಾನವನ್ನು ನಾಲ್ಕರಲ್ಲೊಂದು ಅಳತೆಗೆ ತಂದರೆ ಉದ್ದ ಸುಮಾರು ಮೂರು ಮೀಟರ್, ರೆಕ್ಕೆಯ ಹರವು ಎರಡೂವರೆ ಮೀಟರ್. ಒಡಲು ಗಾಜಿನ ನಾರು ಮತ್ತು ಇಂಗಾಲದ ನಾರನ್ನು ರಾಳದಲ್ಲಿ ತೋಯಿಸಿ ಅಚ್ಚಿನಲ್ಲಿ ಎರಕ ಹೊಯ್ದದ್ದು. ಒಳಗೆ ಪ್ಲೈವುಡ್ಡಿನ ಅಡ್ಡಗೋಡೆಗಳು. ಮಡಚಿ ಹೊಟ್ಟೆಯೊಳಗೆ ಸೇರುವ ಚಕ್ರಗಳು, ಆ ಚಕ್ರಗಳಿಗೆ ಬ್ರೇಕು, ಕುಲುಕನ್ನು ನುಂಗುವ ಕಾಲುಗಳು, ರೆಕ್ಕೆಯ ಅಂಚಿನ ಪ್ರತಿಯೊಂದು ಪಟ್ಟಿಯನ್ನೂ ಆಡಿಸಲು ಒಂದೊಂದು ಪುಟ್ಟ ಮೋಟಾರು. ನಡುವೆ ಎಂಜಿನ್. ಅದು ತೋರಿಕೆಯ ಎಂಜಿನ್ ಅಲ್ಲ, ಜೆಟ್ ಎಂಜಿನ್ನೇ. ಮುಂದಿನಿಂದ ಗಾಳಿಯನ್ನು ಸೆಳೆದು, ಒತ್ತಿ, ಸೀಮೆಎಣ್ಣೆಯೊಡನೆ ಉರಿಸಿ, ಆ ಉರಿಯ ರಭಸದಿಂದ ಟರ್ಬೈನ್ ಚಕ್ರವನ್ನು ತಿರುಗಿಸಿ, ಮಿಕ್ಕ ರಭಸವನ್ನು ಹಿಂದಕ್ಕೆ ಉಗುಳಿ ಮುಂದಕ್ಕೆ ನುಗ್ಗುವ ಯಂತ್ರ. ದೊಡ್ಡ ವಿಮಾನದಲ್ಲಿ ನಡೆಯುವುದೂ ಇಷ್ಟೇ.

ಈ ಪುಟ್ಟ ಎಂಜಿನ್ನಿನ ಕಥೆ ಸ್ವಾರಸ್ಯವಾದದ್ದು. ಬಹಳ ಕಾಲದವರೆಗೆ ಇಷ್ಟು ಚಿಕ್ಕ ಗಾತ್ರದಲ್ಲಿ ಜೆಟ್ ಎಂಜಿನ್ ಕೆಲಸ ಮಾಡಲಾರದೆಂದೇ ಬಲ್ಲವರ ಅಭಿಪ್ರಾಯವಾಗಿತ್ತು. ಬ್ರಿಟನ್ನಿನ ಹವ್ಯಾಸಿಗಳು ೧೯೮೩ರಲ್ಲಿ ಅನಿಲದಿಂದ ಉರಿಯುವ ಒಂದು ಎಂಜಿನ್ನಿನಿಂದ ಮಾದರಿ ವಿಮಾನವನ್ನು ಹಾರಿಸಿ ತೋರಿಸಿದರು. ಆದರೆ ಅದನ್ನು ಮನೆಯ ಕಾರ್ಖಾನೆಗೆ ಇಳಿಸಿದವನು ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್. ಆತ ಗಾಳಿಯನ್ನು ಒತ್ತುವ ಚಕ್ರವನ್ನು ಪ್ಲೈವುಡ್ಡಿನಿಂದ ಮಾಡಿದ! ಅದು ಸಿಡಿಯದಂತೆ ಇಂಗಾಲದ ನಾರಿನಿಂದ ಬಿಗಿದ. ಟರ್ಬೈನ್ ಚಕ್ರವನ್ನು ತುಕ್ಕು ಹಿಡಿಯದ ಉಕ್ಕಿನ ತಗಡಿನಿಂದ ಕತ್ತರಿಸಿ, ಅಲಗುಗಳನ್ನು ಕೈಯಿಂದಲೇ ತಿರುಚಿದ. ಮಾಡುವ ಬಗೆಯನ್ನೆಲ್ಲ ಪುಸ್ತಕವಾಗಿ ಬರೆದು ಲೋಕಕ್ಕೆ ಹಂಚಿಬಿಟ್ಟ. ಮರದ ಚಕ್ರದ ಸ್ಥಾನಕ್ಕೆ ಮುಂದೆ ಮೋಟಾರು ವಾಹನಗಳ ಟರ್ಬೊದಲ್ಲಿರುವ ಲೋಹದ ಚಕ್ರ ಬಂದಿತು, ಹವ್ಯಾಸ ವ್ಯಾಪಾರವಾಯಿತು.

ಇಂದು ಕೊಂಡುಕೊಳ್ಳಬಹುದಾದ ಇಂತಹ ಎಂಜಿನ್ನುಗಳಲ್ಲಿ ಅನೇಕವು ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಗಿಲಾಗಿ ಸುತ್ತುತ್ತವೆ. ಅಡುಗೆಮನೆಯ ಮಿಕ್ಸಿ ಪೂರ್ತಿ ವೇಗದಲ್ಲಿ ಸುತ್ತುವುದು ಇಪ್ಪತ್ತು ಸಾವಿರದ ಆಸುಪಾಸು. ಮಿಕ್ಸಿಯ ಸದ್ದಿಗೇ ರೇಡಿಯೋದ ವಾರ್ತೆ ಕೇಳಿಸದೆ ಗೊಣಗುವವರು ಇದರ ಐದಾರು ಪಾಲನ್ನು ಊಹಿಸಿಕೊಳ್ಳಬೇಕು. ಅಂಗೈಗಿಂತ ಚಿಕ್ಕದಾದ ಚಕ್ರದ ಅಂಚು ಆ ವೇಗದಲ್ಲಿ ಶಬ್ದದ ವೇಗವನ್ನೂ ಮೀರುತ್ತದೆ. ಹಿಂದಿನಿಂದ ಹೊರಬೀಳುವ ಅನಿಲದ ಶಾಖ ಆರುನೂರು ಏಳುನೂರು ಡಿಗ್ರಿ. ಅದಕ್ಕೆ ಉಣಿಸುವುದು ಸೀಮೆಎಣ್ಣೆ, ನೂರಕ್ಕೆ ಐದರಷ್ಟು ಕೀಲೆಣ್ಣೆಯನ್ನು ಬೆರೆಸಿ. ನಾಲ್ಕೈದು ಲೀಟರ್ ಹೊಯ್ದರೆ ಎಂಟು ಹತ್ತು ನಿಮಿಷದ ಹಾರಾಟ. ನ್ಯಾಯಬೆಲೆ ಅಂಗಡಿಯ ಮುಂದೆ ಸೀಮೆಎಣ್ಣೆಯ ಡಬ್ಬ ಹಿಡಿದು ಬಿಸಿಲಿನಲ್ಲಿ ನಿಂತಿದ್ದ ಅಜ್ಜಿಯಂದಿರ ಮುಂದೆ ಈ ಲೆಕ್ಕವನ್ನು ಹೇಳದಿರುವುದೇ ಲೇಸು.

ಇಲ್ಲಿಯವರೆಗೆ ಎಲ್ಲವೂ ದೊಡ್ಡದರ ಪುಟ್ಟ ಪ್ರತಿ. ಇನ್ನು ಮುಂದೆ ತೊಡಕು. ವಿಮಾನವನ್ನು ಕುಗ್ಗಿಸಬಹುದು, ಗಾಳಿಯನ್ನು ಕುಗ್ಗಿಸುವುದು ಹೇಗೆ?

ಅಳತೆಯನ್ನು ನಾಲ್ಕರಲ್ಲೊಂದು ಮಾಡಿದರೆ ರೆಕ್ಕೆಯ ವಿಸ್ತೀರ್ಣ ಹದಿನಾರರಲ್ಲೊಂದಾಗುತ್ತದೆ. ಗಾತ್ರವೂ ಅದರೊಡನೆ ತೂಕವೂ ಅರವತ್ತನಾಲ್ಕರಲ್ಲೊಂದಾಗಬೇಕು. ನಿಜವಾದ ಹಾಕ್ ಬರಿಮೈಯಲ್ಲಿ ಸುಮಾರು ನಾಲ್ಕೂವರೆ ಟನ್ ತೂಗುತ್ತದೆ. ಅದರ ಅರವತ್ತನಾಲ್ಕನೆಯ ಪಾಲು ಎಪ್ಪತ್ತು ಕಿಲೋ. ಎಪ್ಪತ್ತು ಕಿಲೋ ತೂಗುವ ಆ ಪುಟ್ಟ ವಿಮಾನ ನೆಲಕ್ಕೆ ಇಳಿಯಬೇಕಾದರೆ ಗಂಟೆಗೆ ನೂರು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಇಳಿಯಬೇಕಾಗುತ್ತದೆ. ಅದಕ್ಕಿಂತ ನಿಧಾನವಾದರೆ ರೆಕ್ಕೆ ಗಾಳಿಯ ಹಿಡಿತ ತಪ್ಪಿ ಕಲ್ಲಿನಂತೆ ಬೀಳುತ್ತದೆ. ಆದುದರಿಂದ ಕಿಟ್ ತಯಾರಿಸುವವರು ಇಪ್ಪತ್ತು, ಇಪ್ಪತ್ತೈದು ಕಿಲೋಗಳಲ್ಲೇ ಅದನ್ನು ಮುಗಿಸಲು ಹೆಣಗುತ್ತಾರೆ. ಹಾಗೆ ಮಾಡಿದರೆ ಅರವತ್ತು ಎಪ್ಪತ್ತರ ವೇಗದಲ್ಲಿ ಇಳಿಸಬಹುದು. ನೋಡುವವರಿಗೆ ಅದು ಹಾಕ್‌ನ ತದ್ರೂಪು. ತಕ್ಕಡಿಗೆ ಮಾತ್ರ ಅದು ಬೇರೆಯೇ ಪ್ರಾಣಿ. ರೂಪದಲ್ಲಿ ನಿಷ್ಠೆ, ತೂಕದಲ್ಲಿ ಮೋಸ: ಈ ವಿದ್ಯೆಯ ಗುಟ್ಟು ಇಲ್ಲಿದೆ.

ತೂಕದಲ್ಲಿ ಮೋಸ ಮಾಡಬಹುದು. ಕಾಲದಲ್ಲಿ ಮಾಡುವಂತಿಲ್ಲ. ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್ ವೇಗದ ಮಾದರಿ ವಿಮಾನ ಏಳು ಸೆಕೆಂಡಿನಲ್ಲಿ ಅರ್ಧ ಕಿಲೋಮೀಟರ್ ದಾಟುತ್ತದೆ. ಅಷ್ಟು ದೂರದಲ್ಲಿ ಮೂರು ಮೀಟರಿನ ವಿಮಾನ ಕಣ್ಣಿಗೆ ಕಾಣುವುದು ತೋಳುದ್ದ ದೂರದಲ್ಲಿ ಹಿಡಿದ ಒಂದು ಜೋಳದ ಕಾಳಿನಷ್ಟು. ಆ ಕಾಳು ಬೆನ್ನು ಮಾಡಿ ಹೋಗುತ್ತಿದೆಯೋ, ಮುಖ ಮಾಡಿ ಬರುತ್ತಿದೆಯೋ? ಬರುತ್ತಿದ್ದರೆ ಹಾರಿಸುವವನ ಎಡವೇ ಅದರ ಬಲ. ಒಂದು ಗಳಿಗೆ ಗೊಂದಲವಾದರೆ ಆ ಗಳಿಗೆಯಲ್ಲೇ ಎಪ್ಪತ್ತು ಮೀಟರ್ ಕಳೆದಿರುತ್ತದೆ. ಇಳಿಯುವಾಗ ವೇಗ ಸಾಲದೆಂದು ಕಂಡು ಎಂಜಿನ್ನಿಗೆ ಆಜ್ಞೆ ಕೊಟ್ಟರೆ ಅದು ಸ್ಕೂಟರಿನಂತೆ ತಟ್ಟನೆ ಎಗರುವುದಿಲ್ಲ; ಚಕ್ರ ವೇಗವನ್ನು ಕೂಡಿಸಿಕೊಳ್ಳಲು ಮೂರು ನಾಲ್ಕು ಸೆಕೆಂಡು ಹಿಡಿಯುತ್ತದೆ. ಪಳಗಿದವರು ಆದುದರಿಂದ ಬೇಕಾಗುವುದಕ್ಕಿಂತ ಮುಂಚೆಯೇ ಆಜ್ಞೆ ಕೊಡುತ್ತಾರೆ, ಮಗ್ಗುಲಲ್ಲಿ ಒಬ್ಬ ಸಹಾಯಕನನ್ನು ನಿಲ್ಲಿಸಿಕೊಳ್ಳುತ್ತಾರೆ. ಜರ್ಮನಿಯಲ್ಲಿ ೨೦೧೭ರಲ್ಲಿ ಇಂತಹ ಒಂದು ಜೆಟ್ ಮಾದರಿ ಗಂಟೆಗೆ ೭೪೯ ಕಿಲೋಮೀಟರ್ ವೇಗವನ್ನು ಮುಟ್ಟಿ ದಾಖಲೆ ಮಾಡಿತು. ಪ್ರಯಾಣಿಕರ ವಿಮಾನದ ವೇಗಕ್ಕೆ ಅದು ತೀರ ದೂರವೇನಲ್ಲ.

ಗಾಳಿಪಟದ ಹುಡುಗನಿಗೂ ಈ ಹಾರಾಟಗಾರನಿಗೂ ಇರುವ ವ್ಯತ್ಯಾಸ ಹಣದ್ದಲ್ಲ, ದಾರದ್ದು. ನಿಕೋಲ ಟೆಸ್ಲಾ ೧೮೯೮ರಲ್ಲಿ ನ್ಯೂಯಾರ್ಕ್ ನಗರದ ಸಭಾಂಗಣವೊಂದರ ನೀರಿನ ತೊಟ್ಟಿಯಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ನಡೆಸಿ ತೋರಿಸಿದಾಗ ಜನ ಬೆರಗಾದರು. ಅಮೆರಿಕದ ಅವಳಿ ಸೋದರರಾದ ವಾಲ್ಟರ್ ಗುಡ್, ವಿಲಿಯಂ ಗುಡ್ ಇದೇ ಉಪಾಯವನ್ನು ೧೯೩೭ರಲ್ಲಿ ಮಾದರಿ ವಿಮಾನಕ್ಕೆ ಏರಿಸಿದರು. ಹಿಂದಿನ ರೇಡಿಯೋಗಳಲ್ಲಿ ಒಂದೇ ಮೈದಾನದಲ್ಲಿ ಇಬ್ಬರು ಒಂದೇ ಕಂಪನಾಂಕವನ್ನು ಬಳಸಿದರೆ ಒಬ್ಬನ ಆಜ್ಞೆಗೆ ಇನ್ನೊಬ್ಬನ ವಿಮಾನ ಓಗೊಟ್ಟು ಎರಡೂ ಮಣ್ಣು ಮುಕ್ಕುತ್ತಿದ್ದವು. ಈಗಿನ ರೇಡಿಯೋಗಳು ತಮ್ಮ ತಮ್ಮ ಜೋಡಿಯನ್ನು ಗುರುತಿಸಬಲ್ಲವು. ಸಂಪರ್ಕ ಕಡಿದರೆ ಎಂಜಿನ್ನನ್ನು ತಾವೇ ಆರಿಸುವಂತೆ ಮೊದಲೇ ಹೇಳಿಡಬಹುದು. ಬ್ಯಾಟರಿ ಎಷ್ಟಿದೆ, ಎಂಜಿನ್ ಎಷ್ಟು ಸುತ್ತುತ್ತಿದೆ ಎಂದು ಕಿವಿಯಲ್ಲಿ ಪಿಸುಗುಟ್ಟುವವೂ ಉಂಟು. ಆದರೂ ದಾರ ಹೇಳುತ್ತಿದ್ದ ಮಾತನ್ನು ಅವು ಹೇಳಲಾರವು. ಆಜ್ಞೆ ಮೇಲಕ್ಕೆ ಹೋಗುತ್ತದೆ. ಗಾಳಿಯ ಸೆಳೆತ ಕೆಳಗಿಳಿದು ಬೆರಳಿಗೆ ಬರುವುದಿಲ್ಲ. ವಿಮಾನದೊಳಗೆ ಕುಳಿತ ಚಾಲಕನಿಗೆ ಬೆನ್ನು, ತೊಡೆ, ಅಂಗೈ ಎಲ್ಲವೂ ಸುದ್ದಿ ಮುಟ್ಟಿಸುತ್ತವೆ. ಹೊರಗೆ ನಿಂತವನಿಗೆ ಇರುವುದು ಕಣ್ಣೊಂದೇ.

ಅಜ್ಜಿಯ ಪ್ರಶ್ನೆ ಇಲ್ಲಿಗೆ ಬಂದು ನಿಲ್ಲುತ್ತದೆ. ಒಳಗೆ ಯಾರೂ ಇಲ್ಲವೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಯೂರೋಪಿನ ಹುಲ್ಲುಗಾವಲಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದವರು ಅದರ ಅಂಗಳದಲ್ಲಿ ಚೂಪು ಮೂಗಿನ ಜೆಟ್ ವಿಮಾನವೊಂದನ್ನು ಕಂಡಿರುತ್ತಾರೆ. ಮಕ್ಕಳು ಅದರ ಕೆಳಗೆ ಓಡಾಡುವಾಗ ಹಿರಿಯರು ಟಿಕೆಟ್ಟಿನ ಸಾಲಿನಲ್ಲಿ ನಿಂತಿರುವುದರಿಂದ ಅದರ ಹೆಸರನ್ನು ಓದುವವರು ಕಡಮೆ. ಅದು ಎಚ್.ಎಫ್.-೨೪ ಮಾರುತ, ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ. ಅದರ ವಿನ್ಯಾಸದ ಹೊಣೆ ಹೊತ್ತವನು ೧೯೫೬ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕುರ್ಟ್ ಟ್ಯಾಂಕ್. ಪ್ಲೈವುಡ್ ಚಕ್ರದವನೂ ಕುರ್ಟ್, ಇವನೂ ಕುರ್ಟ್. ಮರದ ಮೇಲೆ ಇಬ್ಬರಿಗೂ ನಂಬಿಕೆಯಿತ್ತೆಂಬುದು ವಿನೋದದ ಸಂಗತಿ. ಏಕೆಂದರೆ ಮಾರುತಕ್ಕಿಂತ ಮೊದಲು ಬೆಂಗಳೂರಿನಲ್ಲಿ ಹಾರಿದ್ದು ಮಾರುತದ ಒಂದು ಮರದ ಮಾದರಿ!

ಮಾದರಿಯೆಂದರೆ ಮೇಜಿನ ಮೇಲೆ ಇಡುವಂತಹದಲ್ಲ. ಅಂತಹ ಪುಟ್ಟ ಮಾದರಿಗಳಿಗೆ ಗಾಳಿ ಸುರಂಗಗಳಿದ್ದವು. ಸುರಂಗದಲ್ಲಿ ತಿಳಿಯದ ಸಂಗತಿಗಳಿಗಾಗಿ ಎಚ್.ಎ.ಎಲ್. ನಿರ್ಮಿಸಿದ್ದು ಎಕ್ಸ್-೨೪೧ ಎಂಬ ಪೂರ್ಣಗಾತ್ರದ ಮಾದರಿ. ಉದ್ದ, ಅಗಲ, ರೆಕ್ಕೆಯ ಓರೆ, ಎಲ್ಲವೂ ಮುಂದೆ ಬರಲಿದ್ದ ವಿಮಾನದವೇ. ಚಕ್ರಗಳೂ ಮಡಚಿಕೊಳ್ಳುತ್ತಿದ್ದವು. ಎಂಜಿನ್ ಒಂದು ಇರಲಿಲ್ಲ. ೧೯೫೯ರಲ್ಲಿ ಡಕೋಟಾ ವಿಮಾನವೊಂದರ ಹಿಂದೆ ಹಗ್ಗ ಕಟ್ಟಿ ಅದನ್ನು ಮೇಲಕ್ಕೆ ಎಳೆದೊಯ್ದರು. ಮೇಲೆ ಹಗ್ಗ ಬಿಡಿಸಿಕೊಂಡು ಅದು ಜಾರಿ ಜಾರಿ ಕೆಳಗಿಳಿಯಿತು. ಹೀಗೆ ಎಂಬತ್ತಕ್ಕೂ ಹೆಚ್ಚು ಬಾರಿ. ಕೊನೆಗೆ ಒಂದು ಸಲ ಇಳಿಯುವಾಗ ಮೂಗಿನ ಚಕ್ರ ಹೊರಬರದೆ ಬಹಳ ಜಖಂಗೊಂಡಿತು.

ಅದರೊಳಗೆ ಮನುಷ್ಯನಿದ್ದ. ಅಜ್ಜಿಯ ಪ್ರಶ್ನೆಗೆ ಆ ಕಾಲದ ಉತ್ತರ ಅದು. ದೂರದಿಂದ ವಿಮಾನವನ್ನು ನಡೆಸುವ ವಿದ್ಯೆ ಲೋಕದಲ್ಲಿ ಆಗಲೇ ಇದ್ದರೂ, ವಿಮಾನ ಹೇಗೆ ವರ್ತಿಸುತ್ತದೆಂದು ಹೇಳಬಲ್ಲ ಅತ್ಯುತ್ತಮ ಉಪಕರಣ ಚಾಲಕನ ಬೆನ್ನೆಲುಬೇ ಆಗಿತ್ತು. ಎಂಜಿನ್ ಇಲ್ಲದ ಮರದ ವಿಮಾನದಲ್ಲಿ ಕುಳಿತು, ಎರಡನೆಯ ಅವಕಾಶವಿಲ್ಲದೆ ಇಳಿಯುತ್ತ, ಅದು ಎತ್ತ ವಾಲುತ್ತದೆ, ಎಲ್ಲಿ ನಡುಗುತ್ತದೆ ಎಂದು ಆತ ಮನಸ್ಸಿನಲ್ಲಿ ಗುರುತು ಹಾಕಿಕೊಂಡು ಬರಬೇಕಾಗಿತ್ತು. ಈ ಕೂಲಂಕಷ ಪರೀಕ್ಷೆಯ ತರುವಾಯ ೧೯೬೧ರ ಜೂನ್ ೧೭ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಎಂಜಿನ್ ಹೊತ್ತ ಮಾರುತವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಒಟ್ಟು ೧೪೭ ಮಾರುತಗಳು ತಯಾರಾದವು. ೧೯೭೧ರ ಯುದ್ಧದಲ್ಲಿ ರಾಜಸ್ತಾನದ ಗಡಿಯಲ್ಲಿ ಅವು ಕಾದಿದವು. ಆದರೆ ಅದರ ಮೈಕಟ್ಟಿಗೆ ತಕ್ಕ ಶಕ್ತಿಯ ಎಂಜಿನ್ ಅದಕ್ಕೆ ಕೊನೆಯವರೆಗೂ ದೊರೆಯಲಿಲ್ಲ. ಇದು ಆ ವಿಮಾನದ ದುರಂತ. ಆ ಕೊರತೆಯನ್ನು ನೀಗುವ ಪ್ರಯತ್ನದಲ್ಲಿ ಮಾರ್ಪಾಟುಗೊಂಡ ಮಾರುತವೊಂದು ೧೯೭೦ರ ಜನವರಿ ೧೦ರಂದು ಬೆಂಗಳೂರಿನಲ್ಲಿ ನೆಲಬಿಟ್ಟು ಏಳುವಾಗಲೇ ಅಪಘಾತಕ್ಕೀಡಾಯಿತು. ಅದರಲ್ಲಿ ಇದ್ದವರು ಸುರಂಜನ್ ದಾಸ್. ಬೆಂಗಳೂರಿನ ಪೂರ್ವಭಾಗದಲ್ಲಿ ಅವರ ಹೆಸರಿನ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಬಸ್ಸಿಗೆ ಕಾಯುತ್ತಾರೆ.

ಅಲ್ಲಿಂದ ಮುಂದಕ್ಕೆ ಒಳಗಿನ ಆಸನ ಮೆಲ್ಲಮೆಲ್ಲನೆ ಖಾಲಿಯಾಗುತ್ತ ಬಂದಿತು. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯವರು 'ಲಕ್ಷ್ಯ' ಎಂಬ ಚಾಲಕರಹಿತ ಜೆಟ್ಟನ್ನು ರೂಪಿಸಿದರು. ಅದರ ಪುಟ್ಟ ಎಂಜಿನ್ ಎಚ್.ಎ.ಎಲ್.ನದು. ಗುರಿಯಿಡುವ ಸೈನಿಕರಿಗೆ ಗುರಿಯಾಗಿ ಹಾರುವುದೇ ಅದರ ಕೆಲಸ. ರಾಕೆಟ್ಟಿನ ನೂಕಿನಿಂದ ಮೇಲೇರಿ ಕೊನೆಗೆ ಕೊಡೆ ಬಿಚ್ಚಿ ಇಳಿಯುತ್ತದೆ. ಅದೇ ಸಂಸ್ಥೆಯವರು ೨೦೨೨ರ ಜುಲೈ ೧ರಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿಯ ಪರೀಕ್ಷಾ ಕ್ಷೇತ್ರದಲ್ಲಿ ಬಾಲವಿಲ್ಲದ, ಬರಿಯ ರೆಕ್ಕೆಯೇ ಮೈಯಾದ ಜೆಟ್ಟೊಂದನ್ನು ಹಾರಿಸಿದರು. ಮುಂದೆ ಕಟ್ಟಬೇಕೆಂದಿರುವ ದೊಡ್ಡ ವಿಮಾನದ ವಿದ್ಯೆಯನ್ನು ಕಲಿಯಲು ಮಾಡಿದ ಕಿರಿಯಳತೆಯ ವಿಮಾನ ಅದು. ತಾನೇ ಓಡಿ, ತಾನೇ ಏರಿ, ತಾನೇ ಇಳಿಯಿತು. ಎಕ್ಸ್-೨೪೧ರ ಮೊಮ್ಮಗನೆನ್ನಬಹುದಾದ ಇದರಲ್ಲಿ ಮನುಷ್ಯನಿರಲಿ, ಮನುಷ್ಯನ ಕೈಯ ಆಜ್ಞೆಯೂ ಬೇಕಾಗಲಿಲ್ಲ. ಸುರಂಜನ್ ದಾಸರಂತಹವರು ಪ್ರಾಣವನ್ನು ಪಣವೊಡ್ಡಿ ತಿಳಿಯುತ್ತಿದ್ದುದನ್ನು ಖಾಲಿ ಆಸನದಿಂದ ತಿಳಿಯುವ ಕಾಲ ಬಂದಿತೆಂದರೆ ಮಾದರಿ ವಿಮಾನವನ್ನು ಹುಡುಗಾಟವೆಂದು ತಳ್ಳಿಹಾಕುವುದು ಹೇಗೆ?

ಇನ್ನು ತಂದೆಯ ಪ್ರಶ್ನೆ. ಮಗ ಮರುದಿನ ಬೆಳಿಗ್ಗೆ ಇಡ್ಲಿಯ ಮುಂದೆ ಮೊತ್ತವನ್ನು ಹೇಳಿದ. ಎಂಜಿನ್ನೊಂದಕ್ಕೇ ಎರಡು ಲಕ್ಷಕ್ಕೂ ಮಿಗಿಲು. ಒಡಲು, ಚಕ್ರ, ಮೋಟಾರು, ರೇಡಿಯೋ ಎಲ್ಲವನ್ನೂ ಕೂಡಿಸಿದರೆ ಒಂದು ಸಣ್ಣ ಕಾರು. ಕಾರಾದರೂ ಗೋಡೆಗೆ ಗುದ್ದಿದರೆ ದುರಸ್ತಿಯಾದೀತು. ಇದು ಗುದ್ದಿದರೆ ಚೀಲದಲ್ಲಿ ಆಯ್ದು ತರಬೇಕು.

ಬೆಲೆ ಮುಗಿದ ಮೇಲೆ ಕಾನೂನು. ೨೦೨೧ರ ಡ್ರೋನ್ ನಿಯಮಾವಳಿ ಮಾದರಿ ವಿಮಾನವನ್ನು ಮರೆತಿಲ್ಲ. ಒಟ್ಟು ತೂಕ ಇಪ್ಪತ್ತೈದು ಕಿಲೋ ಮೀರದೆ, ಶಿಕ್ಷಣಕ್ಕೋ ಸಂಶೋಧನೆಗೋ ವಿನೋದಕ್ಕೋ ಬಳಕೆಯಾಗುವ, ಕಣ್ಣಳತೆಯೊಳಗೆ ಹಾರುವ ವಿಮಾನಕ್ಕೆ ಅದರಲ್ಲಿ ಪ್ರತ್ಯೇಕ ಸ್ಥಾನವಿದೆ. ಡ್ರೋನುಗಳಿಗೆ ಬೇಕಾದ ವಿನ್ಯಾಸ ಪ್ರಮಾಣಪತ್ರ ಇದಕ್ಕೆ ಬೇಡ. ಆದರೆ ಸರ್ಕಾರದ ನಕ್ಷೆಯಲ್ಲಿ ಹಸಿರು ಬಣ್ಣದ ಪ್ರದೇಶವಾಗಿದ್ದರೂ ಮುಕ್ತವಾಗಿರುವ ಎತ್ತರ ನಾನೂರು ಅಡಿ. ಜೆಟ್ ಮಾದರಿ ಮೂಗೆತ್ತಿ ನಿಂತರೆ ಎರಡು ಸೆಕೆಂಡಿನಲ್ಲಿ ಆ ಮಿತಿಯನ್ನು ದಾಟಿಬಿಡುತ್ತದೆ. ಒಂದು ಒಳ್ಳೆಯ ಪಲ್ಟಿಗೂ ಅಷ್ಟು ಸಾಲದು. ಕಿಟ್ಟನ್ನು ಹೊರದೇಶದಿಂದ ತರಿಸುವುದೂ ಸುಲಭವಲ್ಲ. ೨೦೨೨ರ ಫೆಬ್ರವರಿ ೯ರ ಆದೇಶದಂತೆ ಡ್ರೋನುಗಳನ್ನು ಪೂರ್ಣರೂಪದಲ್ಲಾಗಲಿ ಬಿಡಿಬಿಡಿಯಾಗಿ ಜೋಡಿಸುವ ರೂಪದಲ್ಲಾಗಲಿ ಆಮದು ಮಾಡಿಕೊಳ್ಳುವುದು ನಿಷಿದ್ಧವಾಯಿತು. ಸಂಶೋಧನೆ, ರಕ್ಷಣೆ, ಭದ್ರತೆಗಳಿಗೆ ಮಾತ್ರ ವಿನಾಯಿತಿ, ಬಿಡಿಭಾಗಗಳಿಗೆ ಅಡ್ಡಿಯಿಲ್ಲ. ಕಸ್ಟಮ್ಸ್ ಅಧಿಕಾರಿಯ ಕಣ್ಣಿಗೆ ಪೆಟ್ಟಿಗೆಯಲ್ಲಿರುವುದು ಹವ್ಯಾಸವೋ ಡ್ರೋನೋ ಎಂಬುದನ್ನು ಹಣ ಕಳುಹಿಸುವುದಕ್ಕೆ ಮುಂಚೆಯೇ ವಿಚಾರಿಸಿಕೊಳ್ಳುವುದು ಜಾಣತನ.

ಇಷ್ಟೆಲ್ಲ ದಾಟಿದರೂ ಹಾರಿಸುವುದೆಲ್ಲಿ? ಗುಂಡ್ಲುಪೇಟೆಯಲ್ಲಿ ಬಯಲಿಗೆ ಬರವಿಲ್ಲ ಎಂದು ತೋರುತ್ತದೆ. ಆದರೆ ಆ ಪುಟ್ಟ ಚಕ್ರಗಳಿಗೆ ನೂರು ನೂರೈವತ್ತು ಮೀಟರಿನ ನುಣುಪಾದ ನೆಲ ಬೇಕು. ಉತ್ತ ಹೊಲದ ಹೆಂಟೆಗೆ ತಾಗಿದರೆ ಕಾಲು ಮುರಿಯುತ್ತದೆ. ಬೇಸಗೆಯ ಧೂಳು ಎಂಜಿನ್ನಿಗೆ ಮೃತ್ಯು. ಎಲ್ಲಕ್ಕಿಂತ ಮಿಗಿಲಾಗಿ, ತಾಲ್ಲೂಕಿನ ದಕ್ಷಿಣಕ್ಕೆ ಇರುವುದು ಬಂಡೀಪುರ, ೧೯೭೩ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲ ಒಂಬತ್ತರಲ್ಲಿ ಒಂದಾಗಿ ಸೇರಿದ ಕಾಡು. ಅದರ ಮೇಲೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ಹಾರಿಸುವಂತಿಲ್ಲ. ಅನುಮತಿಯ ಮಾತು ಹಾಗಿರಲಿ, ೨೦೧೯ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಣ ಕಾಡು ಉರಿದುದನ್ನು ಗುಂಡ್ಲುಪೇಟೆಯವರು ಮನೆಯ ಮಾಳಿಗೆಯಿಂದಲೇ ಕಂಡವರು. ಸಾವಿರಾರು ಎಕರೆ ಬೂದಿಯಾಯಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿಯಬೇಕಾಯಿತು. ಏಳುನೂರು ಡಿಗ್ರಿಯ ಉರಿಯನ್ನೂ ನಾಲ್ಕು ಲೀಟರ್ ಸೀಮೆಎಣ್ಣೆಯನ್ನೂ ಹೊತ್ತ ವಿಮಾನವೊಂದು ದಾರಿತಪ್ಪಿ ಒಣಗಿದ ಲಂಟಾನದ ಪೊದೆಗೆ ಬಿದ್ದರೆ ಆಗುವುದೇನು ಎಂಬುದನ್ನು ವಿವರಿಸಬೇಕಾಗಿಲ್ಲ. ಜೆಟ್ ಹಾರಿಸುವ ಮೈದಾನಗಳಲ್ಲಿ ಬೆಂಕಿ ನಂದಿಸುವ ಸಾಧನವಿಲ್ಲದೆ ಎಂಜಿನ್ ಹೊತ್ತಿಸುವುದಿಲ್ಲವೆಂಬ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ.

ತಂದೆ ಇದನ್ನೆಲ್ಲ ಕೇಳಿದರು. ಗದರಿಸಲಿಲ್ಲ. ಮಗ ಬೇಲಿಯ ಆಚೆಗೆ ನೋಡುತ್ತಿದ್ದುದನ್ನು ಕಂಡು, "ನಿನಗೆ ಬೇಕಾಗಿರೋದು ಜೆಟ್ಟೋ, ಹಾರಿಸೋದೋ?" ಎಂದರು. ಮೈಸೂರಿನ ಕಾಲೇಜಿನಲ್ಲಿ ಎನ್.ಸಿ.ಸಿ.ಯ ವಾಯುಸೇನಾ ವಿಭಾಗದವರು ಮಾದರಿ ವಿಮಾನಗಳನ್ನು ಕಟ್ಟುವುದನ್ನು ಕಂಡಿದ್ದ ಮಗ ಮಾತನಾಡದೆ ಕೋಣೆಗೆ ಹೋಗಿ, ಬೀಗ ಹಾಕಿಟ್ಟಿದ್ದ ಪೆಟ್ಟಿಗೆಯಿಂದ ಬಾಲ್ಸಾ ಮರದ ತೆಳುಹಲಗೆಗಳನ್ನು ತಂದ. ಆರು ಹಲಗೆ, ಒಂದು ಅಲಗು, ಒಂದು ಅಂಟಿನ ಟ್ಯೂಬು. ಮರ ಎಷ್ಟು ಹಗುರವೆಂದರೆ ಅಜ್ಜಿ ಅದನ್ನು ಎರಡು ಬೆರಳಿನಲ್ಲಿ ಎತ್ತಿ, "ಇದು ಮರಾನೋ ಮಂಡಕ್ಕಿನೋ?" ಎಂದರು.

ಭಾನುವಾರ ಸಂಜೆ ಅಪ್ಪ ಮಗ ಇಬ್ಬರೂ ಹೊಲದ ಕಡೆಗೆ ನಡೆದರು. ಮಗನ ಕೈಯಲ್ಲಿ ಎಂಜಿನ್ ಇಲ್ಲದ, ರೇಡಿಯೋ ಇಲ್ಲದ, ಮೊಳ ಎರಡು ಉದ್ದದ ರೆಕ್ಕೆಯ ವಿಮಾನವಿತ್ತು. ಮೊದಲ ಸಲ ಎಸೆದಾಗ ಅದು ಮೂಗೆತ್ತಿ ಒಂದು ಗಳಿಗೆ ಗಾಳಿಯಲ್ಲಿ ನಿಂತು, ಹಿಂದಕ್ಕೆ ಜಾರಿ ಬಿದ್ದಿತು. ಎರಡನೆಯ ಸಲವೂ ಹಾಗೆಯೇ. ಮೂವತ್ತು ವರ್ಷ ತಕ್ಕಡಿಯ ಮುಂದೆ ಕುಳಿತ ತಂದೆ ಅದನ್ನು ಎತ್ತಿ, ರೆಕ್ಕೆಯ ಕೆಳಗೆ ಎರಡು ಬೆರಳನ್ನಿಟ್ಟು ತೂಗಿನೋಡಿದರು.

"ಹಿಂದಕ್ಕೆ ವಾಲ್ತದೆ. ಮುಂದೆ ತೂಕ ಸಾಲದು ಕಣಪ್ಪ."

ಭಾರಕೇಂದ್ರದ ಪಾಠವನ್ನು ಪುಸ್ತಕದಲ್ಲಿ ಓದಿದ್ದ ಮಗ ಸುಮ್ಮನೆ ನಿಂತ. ತಂದೆ ಜೇಬಿನಿಂದ ಒಂದು ಎರಡು ರೂಪಾಯಿ ನಾಣ್ಯವನ್ನು ತೆಗೆದು ಮೂಗಿಗೆ ಅಂಟುಪಟ್ಟಿಯಿಂದ ಬಿಗಿದರು. ಸಾಲಲಿಲ್ಲ, ಇನ್ನೊಂದನ್ನು ಸೇರಿಸಿದರು. ಈ ಸಲ ಎಸೆದಾಗ ಅದು ನೆಟ್ಟಗೆ ಹೊರಟಿತು. ಬದುವನ್ನು ದಾಟಿತು, ಗಾಳಿಯ ಮೇಲೆ ಒಮ್ಮೆ ಎದ್ದು ಮತ್ತೆ ಸಮನಾಯಿತು, ಹಾಗೆಯೇ ಜಾರುತ್ತ ಜಾರುತ್ತ ಸೂರ್ಯಕಾಂತಿಯ ಹೊಲದ ನಡುವೆ ಎಲ್ಲೋ ಮರೆಯಾಯಿತು. ಗಾಳಿಪಟದ ಹುಡುಗರು ತಮ್ಮ ದಾರಗಳನ್ನು ಮರೆತು ಕೂಗಿದರು.

ಅಪ್ಪ ಮಗ ಹೊಲಕ್ಕೆ ಇಳಿಯುವಷ್ಟರಲ್ಲಿ ಹೊಲದ ಯಜಮಾನ ಎದುರಿಗೆ ಬಂದು ನಿಂತ. ಊಟಿಯ ರಸ್ತೆಯ ಕಾರಿನವರಿಗೆ ಹೇಳಿ ಹೇಳಿ ರೂಢಿಯಾಗಿದ್ದ ಮಾತು ಅವನ ಬಾಯಲ್ಲಿತ್ತು. "ಒಳಗೆ ಹೋಗಬೇಕಾದ್ರೆ ಒಬ್ಬರಿಗೆ ಇಪ್ಪತ್ತು ರೂಪಾಯಿ ಸ್ವಾಮಿ."

ತಂದೆ ಜೇಬಿಗೆ ಕೈಹಾಕಿದರು. ಚಿಲ್ಲರೆಯೆಲ್ಲ ವಿಮಾನದ ಮೂಗಿನ ಮೇಲಿತ್ತು.